ನಮ್ಮ ಬೀದಿಯ ಸಿಳ್ಳೆಗಾರ

ನನಗೆ ಸಿಳ್ಳೆ ಹಾಕಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಓರಗೆಯವರೆಲ್ಲ ಕಲಿತರು, ನಾನು ಮಾತ್ರ ತುಟಿ ಮುಂದೆ ಮಾಡಿ ಗಾಳಿ ಊದುವಲ್ಲಿಗೇ ನಿಂತುಬಿಟ್ಟೆ. ಅದೊಂದು ಕೊರತೆ ಎಂದು ಯಾವತ್ತೂ ಅನಿಸಿರಲಿಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತನಿಗೆ ಸಿಳ್ಳೆಯಿಂದ ಆಗಬೇಕಾದ ಕೆಲಸ ಯಾವುದೂ ಇಲ್ಲ. ಆದರೆ ಪೊನ್ನಂಪೇಟೆಗೆ ವರ್ಗವಾಗಿ ಬಂದ ಮೊದಲ ಮಳೆಗಾಲದಲ್ಲೇ ನನಗೆ ಸಿಳ್ಳೆ ಹೊಡೆಯುವವನು ಎಂಬ ಹೆಸರು ಬಂತು. ಬರೀ ಸಿಳ್ಳೆಯಾಗಿದ್ದರೆ ಹೋಗಲಿ ಎನ್ನಬಹುದಿತ್ತು. ಹೆಂಗಸರು ಸ್ನಾನಕ್ಕೆ ಹೋಗುವ ಹೊತ್ತು ನೋಡಿಕೊಂಡು ಹೊಡೆಯುವ ಸಿಳ್ಳೆ ಅದು.

ನಾನು ಹುಟ್ಟಿ ಬೆಳೆದದ್ದು ಅರಸೀಕೆರೆಯ ಬಯಲಿನಲ್ಲಿ. ಅಪ್ಪನಿಗೆ ರೈಲ್ವೆ ನೌಕರಿ. ಅಮ್ಮನ ತವರು ಶನಿವಾರಸಂತೆಯ ಹತ್ತಿರದ ಒಂದು ಹಳ್ಳಿಯಾದರೂ ಅವಳು ಮದುವೆಯಾಗಿ ಬಯಲಿಗೆ ಬಂದಮೇಲೆ ಅಲ್ಲಿಯವಳೇ ಆಗಿಹೋಗಿದ್ದಳು. ಅಪ್ಪ ತೀರಿಕೊಂಡ ಮೇಲೆ ಅವಳೂ ನಾನೂ ಇಬ್ಬರೇ. ನನಗೆ ಮದುವೆಯಾಗಿಲ್ಲ. ಅದಕ್ಕೆ ಕಾರಣಗಳು ಅನೇಕ. ಅಮ್ಮ ಕೇಳಿದವರಿಗೆಲ್ಲ ದಿನಕ್ಕೊಂದು ಹೇಳುತ್ತಾಳೆ.

ಪೊನ್ನಂಪೇಟೆಯ ಅಂಚಿನಲ್ಲಿ, ಗದ್ದೆಗೆ ಇಳಿಯುವ ಒಂದು ಬೀದಿಯ ಕೊನೆಯಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿತು. ಮನೆಯ ಹಿಂದೆ ಸಣ್ಣ ತೋಡು ಹರಿಯುತ್ತದೆ, ಅದರ ಮೇಲೊಂದು ಮೋರಿ. ಪಕ್ಕದ ಮನೆಗೂ ನಮಗೂ ನಡುವೆ ಅರೆಗೋಡೆ. ಮನೆ ಚೆನ್ನಾಗಿತ್ತು. ಅಮ್ಮ ಮಾತ್ರ ಸೊರಗತೊಡಗಿದಳು. ಅರಸೀಕೆರೆಯಲ್ಲಿ ಬಾಗಿಲಿಗೆ ಬಂದು ನಿಂತರೆ ಸಾಕು, ಎದುರಿನವರು ಸೊಪ್ಪು ಬಿಡಿಸುತ್ತ ಮಾತಿಗೆ ಸಿಗುತ್ತಿದ್ದರು. ಇಲ್ಲಿ ಮನೆಗೊಂದು ಗೇಟು, ಗೇಟಿಗೊಂದು ನಾಯಿ, ನಡುವೆ ದಾಸವಾಳದ ಬೇಲಿ. ಎಲ್ಲರೂ ಒಳ್ಳೆಯವರೇ, ಕಾರಿನೊಳಗಿಂದ ಕೈ ಬೀಸಿ ಹೋಗುತ್ತಿದ್ದರು.

"ಇಲ್ಲಿ ಜನ ಗೇಟಿನ ತನಕ ಬಂದು ನಗ್ತಾರೆ, ಒಳಗೆ ಬರಲ್ಲ," ಎನ್ನುತ್ತಿದ್ದಳು ಅಮ್ಮ. "ಬಂದಿದ್ದು ಅಂದ್ರೆ ಪಕ್ಕದ ಮನೆ ನಾಯಿ ಒಂದೇ. ಅದಕ್ಕೂ ಕಿವಿ ಕೇಳಲ್ಲ."

ನಿಜ. ಪಕ್ಕದ ಮನೆಯ ಲ್ಯಾಬ್ರಡಾರ್ ಮುದಿಯಾಗಿ ಪೂರ್ತಿ ಕಿವುಡಾಗಿತ್ತು. ಅದರ ಒಡತಿ ಸೈನ್ಯದ ಆಸ್ಪತ್ರೆಗಳಲ್ಲಿ ನರ್ಸ್ ಆಗಿ, ಮೇಜರ್ ಹುದ್ದೆಯಲ್ಲಿ ನಿವೃತ್ತರಾದ ಕೊಡವ ಮಹಿಳೆ. ಕತ್ತರಿಸಿದ ಬೆಳ್ಳಿ ಕೂದಲು, ನೆಟ್ಟಗಿನ ಬೆನ್ನು. ಬೀದಿಯವರೆಲ್ಲ ಅವರನ್ನು ಮೇಜರ್ ಮೇಡಂ ಎನ್ನುತ್ತಿದ್ದರು. ಒಬ್ಬರೇ ಇದ್ದರು, ಯಾರ ಹಂಗಿನಲ್ಲೂ ಇರಲಿಲ್ಲ. ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಎದ್ದು ಸ್ನಾನ ಮುಗಿಸುವುದು ಅವರ ಸೈನ್ಯದ ಅಭ್ಯಾಸ. ಅವರ ಬಚ್ಚಲಿನ ಕಿಟಕಿ ನಮ್ಮ ಹಿತ್ತಲ ಕಡೆಗೇ ತೆರೆಯುತ್ತಿತ್ತು.

ಜೂನಿನಲ್ಲಿ ಮಳೆ ಹಿಡಿಯಿತು. ಅದರ ಜೊತೆಗೇ ಸಿಳ್ಳೆಯೂ ಶುರುವಾಯಿತು.

ಮೊದಲ ಸಲ ಕೇಳಿದಾಗ ನಾನು ಹಿತ್ತಲಲ್ಲಿ ನೀರೊಲೆಗೆ ಬೆಂಕಿ ಮಾಡುತ್ತಿದ್ದೆ. ಇನ್ನೂ ಮಬ್ಬುಗತ್ತಲೆ. ಯಾರೋ ಗದ್ದೆಬದಿಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು, ಕೆಲಸವಿಲ್ಲದೆ ಅಡ್ಡಾಡುತ್ತ ಹಾಡು ನೆನಪಿಸಿಕೊಳ್ಳುತ್ತಿರುವ ಹಾಗಿತ್ತು. ಒಂದು ಸಾಲು ಸೊಗಸಾಗಿ ಮೇಲೇರುತ್ತದೆ, ಈಗ ಪಲ್ಲವಿ ಬಂತು ಅನ್ನುವಷ್ಟರಲ್ಲಿ ಮರೆತು ಇನ್ನೆಲ್ಲಿಗೋ ಹೋಗುತ್ತದೆ. ಸ್ವಲ್ಪ ನಿಂತು ಮತ್ತೆ ಬೇರೆ ಕಡೆಯಿಂದ ಹಿಡಿಯುತ್ತದೆ. ರಾಗವಿದೆ, ತಾಳವಿಲ್ಲ, ಮುಗಿಸುವ ಯೋಚನೆಯಂತೂ ಇಲ್ಲವೇ ಇಲ್ಲ. ಯಾವನೋ ಸುಖಜೀವಿ ಎಂದುಕೊಂಡು ಒಲೆ ಊದಿದೆ. ನೀರಿನ ಸದ್ದಿನಲ್ಲಿ ದನಿ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗುತ್ತಿರಲಿಲ್ಲ. ಪ್ರತಿ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಅರ್ಧ ಹಾಡು.

ನಮ್ಮ ಬೀದಿಗೊಂದು ವಾಟ್ಸ್ಆ್ಯಪ್ ಗುಂಪಿದೆ. ನಡೆಸುವವರು ಎದುರು ಸಾಲಿನ ರೈಟರ್ ಅಂಕಲ್. ಕಾಫಿ ಎಸ್ಟೇಟಿನಲ್ಲಿ ಹಾಜರಿ, ಲೆಕ್ಕ ನೋಡಿಕೊಳ್ಳುವವರನ್ನು ಇಲ್ಲಿ ರೈಟರ್ ಎನ್ನುತ್ತಾರೆ. ಮಲಯಾಳಿ ಮನೆಮಾತಿನ ಈ ಅಂಕಲ್ ನಿವೃತ್ತರಾದ ಮೇಲೂ ಹಾಜರಿ ಹಾಕುವುದನ್ನು ಬಿಟ್ಟಿರಲಿಲ್ಲ. ಯಾರು ಕಸ ಎಲ್ಲಿ ಹಾಕಿದರು, ಯಾರ ಮನೆ ದೀಪ ಹಗಲೆಲ್ಲ ಉರಿಯಿತು, ಎಲ್ಲವೂ ಗುಂಪಿನಲ್ಲಿ ಬರುತ್ತಿತ್ತು. ಒಂದು ಭಾನುವಾರ ಬಂದದ್ದು ಇದು: "ಬೆಳಗಿನ ಜಾವ ಮಹಿಳೆಯರ ಸ್ನಾನದ ವೇಳೆಯಲ್ಲಿ ಕಿಟಕಿಯ ಬಳಿ ಸಿಳ್ಳೆ ಹೊಡೆಯುತ್ತಿರುವವರು ದಯವಿಟ್ಟು ಕೂಡಲೇ ನಿಲ್ಲಿಸಬೇಕು. ಯಾರೆಂದು ತಿಳಿದಿದೆ."

ಒಳ್ಳೆಯ ಮಾತು ಎಂದು ನಾನು ಹೆಬ್ಬೆರಳಿನ ಗುರುತು ಒತ್ತಿದೆ. ಬೇರೆ ಯಾರೂ ಒತ್ತಲಿಲ್ಲ. ಮಧ್ಯಾಹ್ನ ಹಾಲಿನ ಡೈರಿಗೆ ಹೋದಾಗ ಅಲ್ಲಿದ್ದವರು ಮಾತು ನಿಲ್ಲಿಸಿ ನನ್ನ ಬಾಯಿಯನ್ನೇ ನೋಡಿದರು. ಆಗಲೂ ನನಗೆ ಹೊಳೆಯಲಿಲ್ಲ. ಮನೆಗೆ ಬರುವ ದಾರಿಯಲ್ಲಿ ನಿಧಾನಕ್ಕೆ ತಲೆಗೆ ಹತ್ತಿತು: ಆ ಬೀದಿಯಲ್ಲಿ ಮದುವೆಯಾಗದ ಗಂಡಸು ಅಂತ ಇದ್ದವನು ನಾನೊಬ್ಬನೇ, ಆ ಕಿಟಕಿಗೆ ಹತ್ತಿರದ ಹಿತ್ತಲು ನಮ್ಮದು, ಬೆಳಗಿನ ಜಾವ ಆ ಹಿತ್ತಲಲ್ಲಿ ಓಡಾಡುವವನೂ ನಾನೇ.

ಮರುದಿನ ಸಂಜೆ ರೈಟರ್ ಅಂಕಲ್ ಮನೆಗೆ ಬಂದರು. ನಾವು ಬಂದ ಮೇಲೆ ನಮ್ಮ ಮನೆಯ ಹೊಸ್ತಿಲು ದಾಟಿದ ಮೊದಲ ಅತಿಥಿ. ಅಮ್ಮ ಸಡಗರದಿಂದ ಕಾಫಿ ಮಾಡಿದಳು, ಕೋಡುಬಳೆ ಕೊಟ್ಟಳು. ಅವರು ಕೊಡೆ ಮಡಚಿ ಮಳೆ, ರಸ್ತೆಗುಂಡಿ, ಮೆಣಸಿನ ಬಳ್ಳಿಯ ರೋಗ ಎಲ್ಲ ಮಾತಾಡಿ ಮುಗಿಸಿ, ನನ್ನನ್ನು ಬಿಟ್ಟು ಅಮ್ಮನ ಕಡೆ ತಿರುಗಿದರು.

"ಸಾರ್‌ಗೆ ಬೆಳಿಗ್ಗೆ ಬೇಗ ಏಳುವ ಅಭ್ಯಾಸ ಉಂಟಾ ಅಮ್ಮ?"

"ಏಳ್ತಾನಪ್ಪ, ಕತ್ಲೆಗೇ ಏಳ್ತಾನೆ," ಎಂದಳು ಅಮ್ಮ. "ಎದ್ದು ಸೀದಾ ಹಿತ್ಲು ಕಡೆ ಹೋಯ್ತಾನೆ."

"ಹಿತ್ತಲಲ್ಲಿ ಏನು ಮಾಡ್ತಾರೆ?"

"ಅದು ನನಗೇನ್ ಗೊತ್ತಾಯ್ತದೆ. ವಯಸ್ಸಾಯ್ತು, ಕಣ್ಣು ಮಂಜು."

"ಅಮ್ಮ, ನೀರೊಲೆ ಉರಿ ಹಾಕ್ತೀನಿ ಅಂತ ಹೇಳು," ಎಂದೆ ನಾನು.

"ನೀರೊಲೆನೂ ಹಾಕ್ತಾನೆ," ಎಂದಳು ಅಮ್ಮ.

ಆ 'ನೂ' ನನ್ನನ್ನು ಮುಳುಗಿಸಿತು. ಅಂಕಲ್ ಹುಬ್ಬು ಮೇಲೇರಿತು. ಅಮ್ಮ ಅಷ್ಟಕ್ಕೇ ಬಿಡದೆ, ಅವರ ತಟ್ಟೆಗೆ ಇನ್ನೊಂದು ಕೋಡುಬಳೆ ಹಾಕುತ್ತ, "ಇವ್ನ ಅಪ್ಪಂಗೂ ಅಷ್ಟೇ, ಸಂಗೀತ ಅಂದ್ರೆ ಪ್ರಾಣ," ಎಂದಳು. ನನ್ನ ಅಪ್ಪ ರೈಲಿನ ಕೂಗು ಬಿಟ್ಟರೆ ಯಾವ ಸಂಗೀತವನ್ನೂ ಕಿವಿಗೆ ಹಾಕಿಕೊಂಡವನಲ್ಲ.

ಅವರು ಹೋದಮೇಲೆ ನಾನು ಅಮ್ಮನ ಮೇಲೆ ರೇಗಿದೆ. ಅವಳು ಲೋಟ ತೊಳೆಯುತ್ತ, "ನಾನೇನು ಸುಳ್ಳು ಹೇಳಿದ್ನಾ? ಬೇಗ ಏಳಲ್ವಾ ನೀನು?" ಎಂದಳು.

ಆ ವಾರದಲ್ಲಿ ನಮ್ಮ ಮನೆಗೆ ಬಂದಷ್ಟು ಜನ ಅರಸೀಕೆರೆಯಲ್ಲಿ ಹಬ್ಬಕ್ಕೂ ಬರುತ್ತಿರಲಿಲ್ಲ. ಮೇಲಿನ ಮನೆಯ ಸೊಸೆ ಕರಿಬೇವು ಕೇಳಲು ಬಂದಳು. ಅವರದೇ ಅಂಗಳದಲ್ಲಿ ಕರಿಬೇವಿನ ಮರವಿತ್ತು. ಇನ್ನೊಬ್ಬಾಕೆ ಅಮ್ಮನ ಮಂಡಿನೋವಿಗೆ ಎಣ್ಣೆ ತಂದರು. ಎಲ್ಲರೂ ಅಡಿಗೆಮನೆಯಲ್ಲಿ ಕುಳಿತು ಬಹಳ ಹೊತ್ತು ಪಿಸುಗುಟ್ಟುತ್ತಿದ್ದರು. ನಾನು ಕಚೇರಿಯಿಂದ ಬಂದ ಕೂಡಲೇ ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಿದ್ದರು. ಅಮ್ಮನ ಮುಖಕ್ಕೆ ಬಣ್ಣ ಬಂದಿತ್ತು. ಹಳೆ ರೇಷ್ಮೆಯ ರವಿಕೆ ಪೆಟ್ಟಿಗೆಯಿಂದ ಹೊರಬಂತು. ನಾನು ಮಾತ್ರ ತಲೆ ತಗ್ಗಿಸಿ ಕಚೇರಿಗೆ ಹೋಗುತ್ತಿದ್ದೆ. ದಾರಿಯಲ್ಲಿ ಯಾರಾದರೂ ಎದುರಾದರೆ ಬಾಯಿ ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದೆ. ಅದೂ ತಪ್ಪಿತಸ್ಥನ ಹಾಗೆ ಕಾಣುತ್ತಿತ್ತಂತೆ. ಬೆಳಿಗ್ಗೆ ನೀರೊಲೆಗೆ ಹೋಗುವುದನ್ನೇ ನಿಲ್ಲಿಸಿದೆ. ಸಿಳ್ಳೆ ನಿಲ್ಲಲಿಲ್ಲ. ಹಾಸಿಗೆಯಲ್ಲಿ ಮಲಗಿಕೊಂಡೇ ಅದನ್ನು ಕೇಳುತ್ತ, ಆ ಸುಖಜೀವಿ ಕೈಗೆ ಸಿಕ್ಕರೆ ಏನು ಮಾಡಬೇಕೆಂದು ಯೋಚಿಸುತ್ತಿದ್ದೆ.

ಕೊನೆಗೆ ಮೇಜರ್ ಮೇಡಂ ತಾವೇ ಬಂದರು, ಜೊತೆಗೆ ರೈಟರ್ ಅಂಕಲ್. ಮೇಡಂ ಇಸ್ತ್ರಿ ಮಾಡಿದ ಸೀರೆ ಉಟ್ಟು, ತೆಳ್ಳಗೆ ಪೌಡರ್ ಹಾಕಿದ್ದರು. ಜಗಲಿಯಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತು ನನ್ನನ್ನು ರೋಗಿಯ ಹಾಗೆ ನೋಡಿದರು.

"ನೋಡಿ, ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. ನೀವೇನಾ?"

"ಇಲ್ಲ ಮೇಡಂ. ನನಗೆ ಸಿಳ್ಳೆ ಹಾಕೋಕೇ ಬರಲ್ಲ."

"ಬರಲ್ಲ ಅನ್ನುವವರನ್ನು ಆರ್ಮಿ ಆಸ್ಪತ್ರೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಕಾಲು ಎತ್ತೋಕೆ ಬರಲ್ಲ ಅಂತಾರೆ, ಊಟದ ಬೆಲ್ ಹೊಡೆದರೆ ಓಡ್ತಾರೆ. ಹಾಕಿ ತೋರಿಸಿ."

"ಬರಲ್ಲ ಅನ್ನೋದನ್ನ ಹೇಗೆ ತೋರಿಸಲಿ?"

"ಪ್ರಯತ್ನ ಮಾಡಿ."

ನಾನು ತುಟಿ ಮುಂದೆ ಮಾಡಿ ಊದಿದೆ. ಬರೀ ಗಾಳಿ ಬಂತು. ಅವರ ಮುಖ ನೋಡಿ ಇನ್ನೂ ಜೋರಾಗಿ ಊದಿದೆ. ಎಂಜಲು ಹಾರಿ ಅಂಕಲ್ ಕನ್ನಡಕದ ಮೇಲೆ ಬಿತ್ತು. ಅವರು ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿಕೊಂಡು, "ಆಕ್ಟಿಂಗ್ ಮೇಡಂ. ಇಷ್ಟು ಕೆಟ್ಟದಾಗಿ ಊದಲಿಕ್ಕೆ ಚೆನ್ನಾಗಿ ಬರುವವರಿಗೇ ಆಗುವುದು," ಎಂದರು.

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಗನಿಗಾದ ಅವಮಾನಕ್ಕೆ ಅಳುತ್ತಿದ್ದಾಳೆ ಎಂದು ನಾನು ತಿಳಿದೆ. ಮೇಡಂ ಕೂಡ ಹಾಗೇ ತಿಳಿದಿರಬೇಕು, ದನಿ ಸ್ವಲ್ಪ ಮೆದುವಾಯಿತು.

"ಅಮ್ಮ, ನೀವು ಹೇಳಿ. ನಿಮ್ಮ ಮಗ ಸಿಳ್ಳೆ ಹೊಡೀತಾರಾ?"

ಅಮ್ಮ ಸೆರಗು ಸರಿಸಿ, "ಸಿಳ್ಳೆ ಹೊಡೆಯೋ ಅಷ್ಟು ಚುರುಕಿದ್ದಿದ್ರೆ ಇಷ್ಟೊತ್ತಿಗೆ ನನಗೆ ಸೊಸೆ ಬಂದಿರೋಳು, ಮೇಡಮ್ಮೋರೆ," ಎಂದಳು.

ಮೇಡಂ ತೀರ್ಪು ಕೊಟ್ಟರು. ನಾಳೆ ಬೆಳಗಿನ ಜಾವ ನಾನು ಅವರ ಹಿತ್ತಲಲ್ಲಿ, ದೀಪದ ಕೆಳಗೆ, ಎಲ್ಲರ ಕಣ್ಣೆದುರು ಕುಳಿತಿರಬೇಕು. ಆಗಲೂ ಸಿಳ್ಳೆ ಬಂದರೆ ನಾನು ನಿರಪರಾಧಿ. ಬರದಿದ್ದರೆ ಮನೆ ಖಾಲಿ ಮಾಡುವುದು ಒಳ್ಳೆಯದು. "ನಮ್ಮ ಮನೆಯಲ್ಲಿ ಕೋವಿ ಉಂಟು, ಅದೂ ನೆನಪಿರಲಿ," ಎಂದು ಹೊರಡುವಾಗ ಹೇಳಿದರು. ಅದು ಬೆದರಿಕೆಯೋ ಬರೀ ಮಾಹಿತಿಯೋ ಗೊತ್ತಾಗಲಿಲ್ಲ.

ಮಾರನೆಯ ದಿನ ಮಳೆ ಬಿಡುವು ಕೊಟ್ಟಿತ್ತು. ಗದ್ದೆಯ ಮೇಲೆ ಮಂಜು ಕುಳಿತಿತ್ತು. ಮೇಡಂ ಹಿತ್ತಲಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ನನ್ನನ್ನು ಕೂರಿಸಿದರು. ನೀಳ ಟಾರ್ಚು ಹಿಡಿದು ತಾವು ಬಚ್ಚಲ ಗೋಡೆಗೆ ಒರಗಿ ನಿಂತರು. ರೈಟರ್ ಅಂಕಲ್ ಮಫ್ಲರ್ ಸುತ್ತಿಕೊಂಡು ನನ್ನ ಬೆನ್ನ ಹಿಂದೆ. ಅಮ್ಮ ಶಾಲು ಹೊದ್ದು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ನಾಟಕ ನೋಡಲು ಬಂದವಳ ಹಾಗೆ ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತಳು. ನಾಯಿ ಅವಳ ಪಾದದ ಮೇಲೆ ತಲೆಯಿಟ್ಟು ಮಲಗಿತು. ಈವತ್ತೊಂದು ದಿನ ಆ ಮನುಷ್ಯ ರಜಾ ಹಾಕಿದರೆ ನನ್ನ ಗತಿ ಏನು?

ಹಾಕಲಿಲ್ಲ. ಕತ್ತಲು ಬೂದಿಬಣ್ಣಕ್ಕೆ ತಿರುಗುತ್ತಿದ್ದಂತೆ ಸಿಳ್ಳೆ ಎದ್ದಿತು, ಇಷ್ಟು ದಿನ ಕೇಳಿರದಷ್ಟು ಹತ್ತಿರದಿಂದ. ಟಾರ್ಚಿನ ಬೆಳಕು ಪಟ್ಟನೆ ನನ್ನ ತುಟಿಯ ಮೇಲೆ ಬಿತ್ತು. ತುಟಿ ಮುಚ್ಚಿತ್ತು. ಅಂಕಲ್ ಮುಂದೆ ಬಂದು ಬಗ್ಗಿ ನನ್ನ ಕುತ್ತಿಗೆಯನ್ನು ಪರೀಕ್ಷಿಸಿದರು.

"ಗಂಟಲು ಅಲ್ಲಾಡ್ತಾ ಇಲ್ಲ ಮೇಡಂ."

"ಫೋನ್ ನೋಡಿ. ರೆಕಾರ್ಡ್ ಇರಬಹುದು."

ಅವರು ನನ್ನ ಜೇಬಿನಿಂದ ಫೋನ್ ತೆಗೆದು ಕಿವಿಗಿಟ್ಟು ನೋಡಿದರು. ಫೋನ್ ಸುಮ್ಮನಿತ್ತು. ಸಿಳ್ಳೆ ಮಾತ್ರ ನಿಧಾನವಾಗಿ ಏರಿ, ಇಳಿದು, ಒಂದು ಕಡೆ ತಡವರಿಸಿ, ಮತ್ತೆ ಶುರುವಿನಿಂದ ಹಿಡಿಯಿತು. ಮೇಡಂ ಟಾರ್ಚನ್ನು ಅತ್ತಿತ್ತ ತಿರುಗಿಸಿ ಕಡೆಗೆ ತಮ್ಮ ತಲೆಯ ಮೇಲಕ್ಕೇ ಹಿಡಿದರು. ಬಚ್ಚಲ ಕಿಟಕಿಯ ಮೇಲಿನ ಸಜ್ಜೆಯಲ್ಲಿ ಏನೋ ಕರ್ರಗೆ ಅಲುಗಿತು. ಸಿಳ್ಳೆ ನಿಂತಿತು. ಕಬ್ಬಿಣದ ಗೇಟು ಉಜ್ಜಿದಂತೆ ಕ್ರೀ ಎಂದು ಕೂಗಿ ಅದು ನಮ್ಮ ನಡುವಿನಿಂದಲೇ ಹಾರಿ ತೋಡಿನ ಮೋರಿಯ ಮೇಲೆ ಕುಳಿತಿತು.

"ಕಾಗೆ," ಎಂದರು ಅಂಕಲ್.

"ಕಾಗೆ ಹಾಡ್ತದಾ?" ಎಂದರು ಮೇಡಂ.

ಅದು ಕಾಗೆಗಿಂತ ಚಿಕ್ಕದು, ಮೈನಾಕ್ಕಿಂತ ದೊಡ್ಡದು. ಕಪ್ಪು ಕೊಕ್ಕು, ಕಪ್ಪು ಕಾಲು. ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಮುಚ್ಚುತ್ತ ಮೋರಿಯಿಂದ ಕಲ್ಲಿಗೆ, ಕಲ್ಲಿನಿಂದ ನೀರಿಗೆ ಕುಪ್ಪಳಿಸಿತು. ಕೊಕ್ಕಿನಲ್ಲಿ ಒಂದು ಪುಟ್ಟ ಏಡಿಯನ್ನು ಹಿಡಿದು ತಂದು, ಕಲ್ಲಿಗೆ ಪಟಪಟನೆ ಬಡಿದು ನುಂಗಿತು. ಅಷ್ಟರಲ್ಲಿ ಬೆಳಕು ಹರಿಯಿತು. ಹಕ್ಕಿ ಒಂದು ಪಕ್ಕಕ್ಕೆ ತಿರುಗಿದ್ದೇ ತಡ, ಅದರ ಹಣೆ ಮತ್ತು ಹೆಗಲು ದೀಪ ಹಚ್ಚಿದ ಹಾಗೆ ನೀಲಿಯಾಯಿತು. ನವಿಲಿನ ಕುತ್ತಿಗೆಯಲ್ಲೂ ನಾನು ಅಂಥ ನೀಲಿ ನೋಡಿರಲಿಲ್ಲ. ಮತ್ತೆ ತಿರುಗಿದಾಗ ಬರೀ ಕಪ್ಪು. ಏಡಿ ನುಂಗಿದ ಬಾಯಲ್ಲೇ ಅದು, ನಾವು ನಾಲ್ಕು ಜನ ನೋಡುತ್ತಿರುವುದನ್ನು ಲೆಕ್ಕಿಸದೆ, ತನ್ನ ಅರ್ಧ ಹಾಡನ್ನು ಇನ್ನೊಮ್ಮೆ ಹೇಳಿತು.

ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ, "ಸಿಳ್ಳೆಹಕ್ಕಿ ಅದು. ನಮ್ಮ ತವರಲ್ಲಿ ಹಳ್ಳ ಇರೋ ಕಡೆ ಎಲ್ಲಾ ಐತೆ," ಎಂದಳು.

ಮೂವರೂ ಅವಳ ಕಡೆ ತಿರುಗಿದೆವು.

"ನಿಮಗೆ ಗೊತ್ತಿತ್ತಾ?" ಮೇಡಂ ಕೇಳಿದರು.

"ಗೊತ್ತಿಲ್ದೆ ಏನು. ಹುಟ್ಟಿದಾಗಿಂದ ಕೇಳಿದ್ದೀನಿ."

"ಮತ್ತೆ ಯಾಕೆ ಹೇಳಲಿಲ್ಲ?"

"ಯಾರು ಕೇಳಿದ್ರು? ನೀವೆಲ್ಲಾ ನನ್ನ ಮಗ ಹೊಡಿತಾನಾ ಅಂತ ಕೇಳಿದ್ರಿ. ಅಲ್ಲಿ ಹೊಡಿತಿರೋದು ಏನು ಅಂತ ಒಬ್ರೂ ಕೇಳ್ಲಿಲ್ಲ. ಕಾಫಿ ಬಗ್ಗಿಸ್ಲಾ?"

ಮನೆಗೆ ಬಂದು ನಾನು ಅಮ್ಮನ ಜೊತೆ ಜಗಳವಾಡಿದೆ. ಮಾನ ಹೋಯಿತು, ಕಚೇರಿಯಲ್ಲಿ ಮುಖ ತೋರಿಸಲಾಗದೆ ಹೋಯಿತು, ಇನ್ನೇನು ಮನೆಯೂ ಹೋಗುವುದರಲ್ಲಿತ್ತು ಎಂದೆಲ್ಲ ಕೂಗಾಡಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು:

"ಬಂದು ತಿಂಗಳಾಗಿತ್ತು ಕಣಪ್ಪ. ನೀನು ಆಫೀಸಿಗೆ ಹೋದ್ರೆ ಗೋಡೆ ನೋಡ್ಕಂಡು ಕೂತಿರ್ತಿದ್ದೆ. ನಿನ್ನ ಸಿಳ್ಳೆ ಕತೆ ಶುರುವಾದ್ಮೇಲೆ ದಿನಾ ಯಾರಾದ್ರೂ ಬರೋಕೆ ಶುರು ಮಾಡಿದ್ರು. ಹಕ್ಕಿ ಅಂತ ಮೊದಲ್ನೇ ದಿನಾನೇ ಹೇಳಿದ್ದಿದ್ರೆ ಕಾಫಿ ಕುಡಿದು ಹೋಗ್ಬಿಡೋರು, ಇನ್ನೊಂದು ಸಲ ಯಾಕೆ ಬರ್ತಾರೆ?"

ನನ್ನ ಸಿಟ್ಟು ಇಳಿಯಲಿಲ್ಲ, ಆದರೆ ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹೋಯಿತು. ಬೆಳಗಿನಿಂದ ಸಂಜೆಯವರೆಗೆ ಆ ಮನೆಯಲ್ಲಿ ಅವಳು ಏನು ಮಾಡುತ್ತಿದ್ದಳೆಂದು ನಾನು ಒಂದು ದಿನವೂ ಕೇಳಿರಲಿಲ್ಲ. "ಇನ್ನೂ ಎಷ್ಟು ದಿನ ನಡೆಸಬೇಕು ಅಂತ ಇದ್ದೆ?" ಎಂದೆ. "ಗೌರಿ ಹಬ್ಬದ ತನಕ," ಎಂದಳು, ಒಂದಿಷ್ಟೂ ಸಂಕೋಚವಿಲ್ಲದೆ.

ರೈಟರ್ ಅಂಕಲ್ ಗುಂಪಿನಲ್ಲಿ ಪ್ರಕಟಣೆ ಹಾಕಿದರು: "ಸಿಳ್ಳೆ ಹೊಡೆಯುತ್ತಿದ್ದುದು ಒಂದು ಪಕ್ಷಿ ಎಂದು ತಿಳಿದುಬಂದಿದೆ. ಗುಮಾಸ್ತರ ಮೇಲಿನ ಅನುಮಾನವನ್ನು ಸದ್ಯಕ್ಕೆ ಕೈಬಿಡಲಾಗಿದೆ." ಆ 'ಸದ್ಯಕ್ಕೆ' ಯಾಕೆ ಎಂದು ನಾನು ಕೇಳಿದೆ. ಅದು ಎಸ್ಟೇಟಿನ ಭಾಷೆ, ಬೇಜಾರು ಮಾಡಿಕೊಳ್ಳಬಾರದು ಎಂದರು.

ಆಮೇಲೆ ನಾನು ಹುಡುಕಿ ಓದಿದೆ. ಪುಸ್ತಕದ ಕನ್ನಡದಲ್ಲಿ ಅದಕ್ಕೆ ಸಿಳ್ಳಾರ ಎನ್ನುತ್ತಾರೆ. ನಮ್ಮ ಘಟ್ಟಸಾಲು ಮತ್ತು ಕೆಲವು ನೆರೆಯ ಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರೆ ಯಾವ ಮೂಲೆಯಲ್ಲೂ ಈ ಹಕ್ಕಿ ಇಲ್ಲ. ದನಿ ಕೇಳಿದವರು ಹೆಚ್ಚು, ಕಣ್ಣಾರೆ ಕಂಡವರು ಕಡಿಮೆ. ನೆರಳು, ನೀರು, ಪಾಚಿ ಹಿಡಿದ ಬಂಡೆ ಇರುವಲ್ಲೇ ಅದರ ವಾಸ. ಚಳಿಗಾಲದಲ್ಲಿ ಬಾಯಿ ಮುಚ್ಚಿಕೊಂಡಿದ್ದು, ಮಳೆಯ ಮೊದಲ ಮೋಡ ಕವಿದಾಗ ಹಾಡು ತೆಗೆಯುತ್ತದೆ. ಜಲಪಾತದ ಪಕ್ಕದ ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟುವುದು ಅದರ ಪದ್ಧತಿ. ಆದರೆ ಮೋರಿ, ಸೇತುವೆ, ಪಂಪ್ ಶೆಡ್ಡು, ಮನೆಯ ಸೂರು ಇವನ್ನೂ ಅದು ಬಂಡೆ ಎಂದೇ ತಿಳಿಯುತ್ತದೆ. ಬಚ್ಚಲ ನೀರು ಧೋ ಎಂದು ಬೀಳುವ ಸದ್ದು ಕೇಳಿ ಮೇಡಂ ಮನೆಯನ್ನು ಒಂದು ಸಣ್ಣ ಜಲಪಾತ ಅಂದುಕೊಂಡಿತೋ ಏನೋ. ಇದು ನನ್ನ ಊಹೆ, ಪುಸ್ತಕದ್ದಲ್ಲ.

ಸಜ್ಜೆಯ ಮೂಲೆಯಲ್ಲಿ ಗೂಡಿತ್ತು. ಹಸಿರು ಪಾಚಿ, ಬೇರು, ಕೆಸರು ಸೇರಿಸಿ ಕಟ್ಟಿದ ದಪ್ಪ ಬಟ್ಟಲು. ಹೊರಗೆ ಒರಟು, ಒಳಗೆ ನಯ. ನಮ್ಮ ಮನೆಯ ಹಿಂದಿನ ಮೆಟ್ಟಿಲ ಮೇಲೆ ನಿಂತರೆ ಚೆನ್ನಾಗಿ ಕಾಣುತ್ತಿತ್ತು. ಹೆಣ್ಣು ಗಂಡು ಎರಡೂ ನೋಡಲು ಒಂದೇ ಥರ, ಹಾಗಾಗಿ ಹಾಡುತ್ತಿದ್ದುದು ಗಂಡನೋ ಹೆಂಡತಿಯೋ ಎಂದು ಅಮ್ಮನಿಗೂ ಮೇಡಂಗೂ ವಾದ. ಮೇಡಂ ಈಗ ದಿನಾ ನಮ್ಮ ಮೆಟ್ಟಿಲಿಗೆ ಬರತೊಡಗಿದ್ದರು. ಸ್ನಾನವನ್ನು ಮುಂದಿನ ಕೋಣೆಯ ಬಚ್ಚಲಿಗೆ ಬದಲಾಯಿಸಿದರು. ಅಲ್ಲಿ ಬಿಸಿನೀರು ಬರುತ್ತಿರಲಿಲ್ಲ.

ಒಂದು ಸಂಜೆ ಮೇಡಂ ಅಮ್ಮನೊಡನೆ ಹೇಳಿದ್ದು, ಒಳಗಿದ್ದ ನನಗೂ ಕೇಳಿಸಿತು.

"ಸತ್ಯ ಹೇಳ್ತೇನೆ ಅಮ್ಮ. ಈ ವಯಸ್ಸಲ್ಲಿ ಯಾರೋ ನನ್ನ ಕಿಟಕಿ ಹತ್ತಿರ ಸಿಳ್ಳೆ ಹೊಡೀತಾರೆ ಅಂತ ತುಂಬ ಕೋಪ ಬಂತು. ಕೋಪದ ಅಡಿಯಲ್ಲಿ ಬೇರೆ ಏನೋ ಸ್ವಲ್ಪ ಇತ್ತು. ಮುಖಕ್ಕೆ ಕ್ರೀಮ್ ಕೂಡ ಹಚ್ಚಲಿಕ್ಕೆ ಶುರು ಮಾಡಿದ್ದೆ."

"ನನಗೆ ಗೊತ್ತಾಯ್ತು," ಎಂದಳು ಅಮ್ಮ. "ನಮ್ಮ ಮನೆಗೆ ಜಗಳಕ್ಕೆ ಬಂದೋರು ಪೌಡರ್ ಹಾಕ್ಕಂಡು ಬಂದಿದ್ರಿ."

"ಆಮೇಲೆ ನೋಡಿದ್ರೆ ಹಕ್ಕಿ."

ಇಬ್ಬರೂ ನಕ್ಕ ನಗುವಿಗೆ ಆ ಕಿವುಡು ನಾಯಿಯೂ ತಲೆ ಎತ್ತಿತಂತೆ.

ಗೂಡಿನಲ್ಲಿ ಮೂರು ಮರಿಗಳಾದವು. ತಂದೆ ತಾಯಿ ಇಬ್ಬರೂ ದಿನವಿಡೀ ತೋಡಿಗೂ ಸಜ್ಜೆಗೂ ಓಡಾಡಿದರು. ಎರೆಹುಳು, ಜೀರುಂಡೆ, ಪುಟ್ಟ ಕಪ್ಪೆ, ಒಂದೊಂದು ಸಲ ಏಡಿಯ ಕಾಲು. ಶಂಖದ ಹುಳುವನ್ನು ಒಡೆಯಲು ಮೋರಿಯ ಒಂದೇ ಕಲ್ಲನ್ನು ಉಪಯೋಗಿಸುತ್ತಿದ್ದವು; ಅದರ ಬುಡದಲ್ಲಿ ಒಡೆದ ಚಿಪ್ಪುಗಳ ರಾಶಿ ಬಿದ್ದಿತ್ತು. ಬೀದಿಯವರು ಬಂದು ನೋಡಿ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಯಾರು ಎಷ್ಟು ಹೊತ್ತು ನಿಲ್ಲಬೇಕೆಂದು ಅಮ್ಮ ನಿರ್ಧರಿಸುತ್ತಿದ್ದಳು. ಕರಿಬೇವಿನ ಸೊಸೆಗೆ ಸ್ವಲ್ಪ ಹೆಚ್ಚು ಸಮಯ.

ಒಂದು ರಜಾದಿನ ಮಧ್ಯಾಹ್ನ ಕ್ರೀ ಕ್ರೀ ಎಂಬ ಕೂಗು ನಿಲ್ಲದೆ ಕೇಳಿತು. ಅಮ್ಮ ಮೊದಲು ಎದ್ದಳು. "ಹಾವು ಬಂದೈತೆ, ಓಡು," ಎಂದಳು. ನಾನು ಹೋಗಿ ನೋಡಿದರೆ ಒಂದು ಕೇರೆಹಾವು ನೀರಿನ ಪೈಪು ಹಿಡಿದು ಸಜ್ಜೆಗೆ ಏರಿ, ಗೂಡಿಗೆ ತಲೆ ಹಾಕಿತ್ತು. ಎರಡೂ ಹಕ್ಕಿಗಳು ಅದರ ಮೇಲೆ ಎರಗುತ್ತಿದ್ದವು. ಮೇಡಂ ಏಣಿ ತಂದರು. "ಕೊಲ್ಲಬೇಡಿ, ಓಡಿಸಿ ಸಾಕು," ಎಂದು ಕೆಳಗೆ ನಿಂತು ಹಿಡಿದುಕೊಂಡರು. ನಾನು ಬಿದಿರಿನ ಗಳ ಹಿಡಿದು ಏರಿದೆ. ಹಕ್ಕಿಗಳಿಗೆ ನಾನು ಯಾರ ಕಡೆಯವನೆಂದು ಹೇಗೆ ಗೊತ್ತಾಗಬೇಕು? ಒಂದು ನನ್ನ ನೆತ್ತಿಗೆ ಕುಕ್ಕಿತು. ಗಳ ತಗುಲಿ ಹಾವು ಜಾರಿ ತೋಡಿಗೆ ಬಿದ್ದು ಹೋಯಿತು. ಗೂಡಿನಲ್ಲಿ ಎರಡೇ ಮರಿಗಳಿದ್ದವು.

ಆ ಸಂಜೆ ಮೇಡಂ ಬೇಗ ಬಾಗಿಲು ಹಾಕಿಕೊಂಡರು. ಅಮ್ಮ ಅವರಿಗೆಂದು ಉಪ್ಪಿಟ್ಟು ಮಾಡಿ ನನ್ನ ಕೈಯಲ್ಲಿ ಕಳಿಸಿದಳು. ಮೇಡಂ ಡಬ್ಬಿ ತೆಗೆದುಕೊಂಡು, ನನ್ನ ತಲೆಯ ಗಾಯಕ್ಕೆ ಔಷಧ ಹಚ್ಚಿ, "ಇದಕ್ಕೆ ಟಿಟಿ ಚುಚ್ಚಿಸಿಕೊಳ್ಳಬೇಕು," ಎಂದರು. ಆಮೇಲೆ, "ಹಾವಿಗೂ ಹೊಟ್ಟೆ ಉಂಟಲ್ವಾ. ಗೊತ್ತುಂಟು. ಆದರೂ," ಎಂದು ನಿಲ್ಲಿಸಿದರು.

ಉಳಿದ ಎರಡು ಮರಿಗಳು ಗೂಡು ತುಂಬಿ ಹೊರಚೆಲ್ಲುವಷ್ಟು ಬೆಳೆದವು. ಹಾರುವ ಹೊತ್ತಿಗೂ ಅವಕ್ಕೆ ನೀಲಿ ಹೊಳಪು ಸರಿಯಾಗಿ ಬಂದಿರಲಿಲ್ಲ, ಮಸಿ ಮೆತ್ತಿದ ಹಾಗಿದ್ದವು. ಒಂದು ಬೆಳಿಗ್ಗೆ ಮೊದಲನೆಯದು ಸಜ್ಜೆಯಿಂದ ಧುಮುಕಿ ನೇರ ನಾಯಿಯ ಬೆನ್ನ ಮೇಲೆ ಇಳಿಯಿತು. ನಾಯಿ ಏಳಲಿಲ್ಲ. ಮರಿ ಅಲ್ಲೇ ಸುಧಾರಿಸಿಕೊಂಡು ಮೋರಿಗೆ ಹಾರಿತು. ಎರಡನೆಯದು ಮಧ್ಯಾಹ್ನದವರೆಗೂ ಕೂಗಿಸಿಕೊಂಡು, ಕಡೆಗೆ ಹಸಿವು ತಾಳದೆ ಹೊರಟಿತು. ಕೆಲವು ದಿನ ನಾಲ್ಕೂ ತೋಡಿನ ಬದಿಯಲ್ಲಿ ಕಂಡವು. ಮಳೆ ಕಡಿಮೆಯಾದಂತೆ ಹಾಡೂ ತೆಳುವಾಯಿತು, ಆಮೇಲೆ ನಿಂತಿತು.

ಮೇಡಂ ಗೂಡನ್ನು ತೆಗೆಯಲಿಲ್ಲ. ಸಿಳ್ಳಾರ ಹಳೆ ಗೂಡಿಗೇ ಮರಳಿ ಬರುವುದುಂಟು ಎಂದು ನಾನು ಓದಿ ಹೇಳಿದ್ದೆ. ಈ ವರ್ಷ ಮೇ ಕೊನೆಗೆ ಅವರು ಬಚ್ಚಲಿಗೆ ಬೀಗ ಹಾಕಿ, ಸಜ್ಜೆಯ ಜೇಡರ ಬಲೆ ಗುಡಿಸಿ ಕಾದರು. ಹಾಡು ಕೇಳಿತು, ಆದರೆ ಬೀದಿಯ ಆ ಬದಿಯಿಂದ. ಅಮ್ಮನೂ ಮೇಡಮ್ಮೂ ಕೊಡೆ ಹಿಡಿದು ಹುಡುಕಿಕೊಂಡು ಹೋದರು, ನಾನೂ ಹಿಂದೆ ಹೋದೆ. ರೈಟರ್ ಅಂಕಲ್ ಮನೆಯ ಕಾರು ನಿಲ್ಲಿಸುವ ಜಾಗದಲ್ಲಿ, ತೊಲೆಯ ಮೇಲೆ, ಅವರ ಹೊಸ ಬಿಳಿ ಕಾರಿನ ನೆತ್ತಿಗೆ ಸರಿಯಾಗಿ ಹಸಿ ಪಾಚಿಯ ಬಟ್ಟಲು ತಯಾರಾಗುತ್ತಿತ್ತು. ಕಾರಿನ ಮೇಲೆಲ್ಲ ಕೆಸರು, ಹಿಕ್ಕೆ. ಒಬ್ಬರಿಗೂ ಹೇಳದೆ ಅಂಕಲ್ ಒಂದು ಉದ್ದನೆಯ ಕೋಲು ತಂದಿಟ್ಟುಕೊಂಡಿದ್ದರು.

"ಅದು ಯಾಕೆ ಕೋಲು?" ಎಂದರು ಮೇಡಂ.

"ಜೇಡರ ಬಲೆಗೆ," ಎಂದರು ಅಂಕಲ್.

"ಕೊಡಿ ಇಲ್ಲಿ. ಕಾರು ರಸ್ತೆಗೆ ತೆಗೀರಿ."

"ಮಳೆ ಮೇಡಂ. ಮೊನ್ನೆ ಪಾಲಿಶ್ ಮಾಡಿಸಿದ್ದು."

"ಮಳೇಲಿ ಪಾಲಿಶ್ ಇನ್ನೂ ಚೆನ್ನಾಗಿ ಕಾಣ್ತದೆ ಬಿಡಿ," ಎಂದಳು ಅಮ್ಮ, ಜಗಲಿಯ ಮೇಲೆ ಕಾಲು ನೀಡಿ ಕುಳಿತುಕೊಳ್ಳುತ್ತ. "ನಾನು ಇಲ್ಲೇ ಕೂತಿರ್ತೀನಿ, ಹಾವು ಗೀವು ಬಂದ್ರೆ ನೋಡ್ಕಬೇಕಲ್ಲ. ನಿಮ್ಮನೇಲಿ ಕಾಫಿಗೆ ಬೆಲ್ಲನೋ ಸಕ್ಕರೇನೋ?"

ಅಂಕಲ್ ಕೀಲಿ ತರಲು ಒಳಗೆ ಹೋದರು.